ಬೀಟಾ ಟೂಲ್ ಹಾಕ್ಕೊಂಡು ಪ್ರಾಜೆಕ್ಟ್ ಕೆಡಿಸ್ಕೋಬ್ಯಾಡ್ರಿ: ನೈಟ್ಲಿ, ಪ್ರಿವ್ಯೂ, ಆರ್‌ಸಿ ಬಳಸೂ ಕ್ರಮ

ಮೊನ್ನೆ ರಾತ್ರಿ ಹತ್ತಕ್ಕ ಫೋನ್ ಬಂತು. "ಅಣ್ಣಾರ, ಪ್ರಾಜೆಕ್ಟ್ ಓಪನ್ ಆಗವಲ್ದು, ನಾಳೆ ಮುಂಜಾನೆ ಡೆಮೋ ಐತಿ." ಏನ್ ಮಾಡಿದಿ ಅಂತ ಕೇಳಿದ್ರ "ಏನೂ ಮಾಡಿಲ್ರಿ" ಅಂದ. ಅರ್ಧ ತಾಸು ಕೆದಕಿ ಕೇಳಿದ ಮ್ಯಾಲ ಹೊರಗ ಬಂತು, ಎಡಿಟರ್‌ದು ಹೊಸ ಪ್ರಿವ್ಯೂ ಹಾಕಿದ್ನಂತ, ಅದು ಪ್ರಾಜೆಕ್ಟ್ ಫೈಲ್ ಅಪ್‌ಗ್ರೇಡ್ ಮಾಡ್ಲೇನು ಅಂತ ಕೇಳಿತಂತ, ಇಂವ ಹೂಂ ಅಂತ ಒತ್ತಿದ್ನಂತ, ಈಗ ಹಳೇದ್ರಾಗ ತಗಿಯಾಕ ಬರವಲ್ದು, ಹೊಸಾದು ಕ್ರ್ಯಾಶ್ ಆಗಾಕತ್ತೈತಿ. ಇದೇ ಕತಿ ಈ ವರ್ಷ ನನ್ ಹತ್ರ ಬಂದಿದ್ದು ಐದನೇ ಸಲ. ಗೋಕುಲ ರೋಡ್ ಹುಡುಗ್ರದ್ದು ಎರಡು, ಧಾರವಾಡದ್ದು ಎರಡು, ಗದಗಿಂದು ಒಂದು.

ಎಲ್ಲಾರೂ ತಪ್ಪೂದು ಒಂದೇ ಕಡೆ. ಟೂಲ್ ಮೊದ್ಲ ಹಾಕ್ತಾರ, ವಾಪಸ್ ಬರೂ ದಾರಿ ಆಮ್ಯಾಲ ಹುಡುಕ್ತಾರ. ಬೀಟಾದಾಗ ಬಗ್ ಇರೂದು ದೊಡ್ಡ ಮಾತೇನಲ್ಲ, ಬಗ್ ಇರೂದಕ್ಕನ ಅದನ್ನ ಬೀಟಾ ಅಂತಾರ. ಕೆಳಗ ಬರದಿರೂ ಹಂತಗಳನ್ನ ಅದೇ ಕ್ರಮದಾಗ ಮಾಡ್ರಿ. ನಾಕನೇದು ಮಾಡಿ ಎರಡನೇದಕ್ಕ ಬರ್ತೀನಿ ಅಂದ್ರ ಉಪಯೋಗಿಲ್ಲ.

## ಮೊದ್ಲ ಏನೇನು ಇಟ್ಕೋಬೇಕು

ಗಿಟ್ (ಕೋಡಿನ ಪ್ರತಿ ಬದಲಾವಣಿ ನೆನಪಿಡೂ ಟೂಲ್) ಬೇಕೇ ಬೇಕು. ಡಿಸ್ಕಿನ್ಯಾಗ ಕಡಿಮಿ ಅಂದ್ರೂ ಮೂವತ್ತು ಜಿಬಿ ಖಾಲಿ ಇರ್ಲಿ, ಯಾಕಂದ್ರ ಒಂದೇ ಟೂಲಿನ ಎರಡು ಮೂರು ವರ್ಷನ್ ಕೂಡೇ ಇರಬೇಕಾಗ್ತೈತಿ. ನೀವು ಬಳಸೂ ಭಾಷಾಕ್ಕ ಒಂದು ವರ್ಷನ್ ಮ್ಯಾನೇಜರ್ (ಹಲವು ವರ್ಷನ್ ಕೂಡೇ ಇಟ್ಟು ಬೇಕಾದ್ದು ಆರಿಸೂ ಟೂಲ್) ಇರ್ಲಿ: ರಸ್ಟ್‌ಗೆ ರಸ್ಟಪ್, ಪೈಥಾನ್‌ಗೆ ಪೈಎನ್ವ್, ನೋಡ್‌ಗೆ ಎನ್‌ವಿಎಂ. ಡಾಕರ್ (ಸಾಫ್ಟ್‌ವೇರನ್ನ ಬ್ಯಾರೆ ಡಬ್ಬಿಯಾಗ ಇಟ್ಟು ಓಡಿಸೂ ಟೂಲ್) ಇದ್ರ ಚೊಲೋ, ಎಂಟು ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್‌ನ್ಯಾಗ ಅದು ಉಸಿರು ಬಿಡ್ತೈತಿ, ಹಂಗಿದ್ರ ಬಿಟ್ಟುಬಿಡ್ರಿ, ವರ್ಷನ್ ಮ್ಯಾನೇಜರ್ ಸಾಕು.

ಇನ್ನೊಂದು ಸಾಮಾನು ಯಾರೂ ಹೇಳೂದಿಲ್ಲ: ಒಂದು ನೋಟ್‌ಬುಕ್ಕು. ಕಾಗದದ್ದ ಇರ್ಲಿ. ಯಾವ ದಿನ ಏನ್ ಹಾಕಿದ್ರಿ, ಯಾವ ವರ್ಷನ್, ಎಲ್ಲೆ ಹಾಕಿದ್ರಿ, ಮೂರು ಸಾಲು ಬರೀರಿ. ಮಿಷಿನ್ ಬೂಟ್ ಆಗದಿದ್ದಾಗ ಮಿಷಿನ್ ಒಳಗಿನ ನೋಟ್ಸ್ ಫೈಲ್ ಯಾರಿಗೆ ಬೇಕ್ರೀ.

## ಹಂತ 1: ಕೈಯಾಗ ಸಿಕ್ಕಿದ್ದು ಯಾವ ಜಾತಿದು ಅಂತ ನೋಡ್ರಿ

"ಬೀಟಾ" ಅನ್ನೂ ಒಂದೇ ಹೆಸರಿನ್ಯಾಗ ಎಲ್ಲಾನೂ ಕಟ್ಟಬ್ಯಾಡ್ರಿ. ಆಲ್ಫಾ ಅಂದ್ರ ಅದರೊಳಗಿನ ಫೀಚರ್ ನಾಳೆ ಇರೂದು ಗ್ಯಾರಂಟಿ ಇಲ್ಲ. ಬೀಟಾ ಅಂದ್ರ ಸಾಮಾನ್ಯವಾಗಿ ಫೀಚರ್ ಸೇರ್ಸೂದು ಮುಗದೈತಿ, ಬಗ್ ತಗಿಯೂದು ನಡದೈತಿ. ಆರ್‌ಸಿ ಅಂದ್ರ ರಿಲೀಸ್ ಕ್ಯಾಂಡಿಡೇಟ್, ದೊಡ್ಡ ತೊಂದ್ರಿ ಸಿಗಲಿಲ್ಲಾಂದ್ರ ಹೆಚ್ಚುಕಡಿಮಿ ಅದನ್ನ ಬಿಡ್ತಾರ. ನೈಟ್ಲಿ ಅಂದ್ರ ನಿನ್ನಿ ರಾತ್ರಿ ತನಕ ಯಾರ‍್ಯಾರು ಕೋಡ್ ಸೇರಿಸಿದ್ರೋ ಅದೆಲ್ಲಾ ಕೂಡಿಸಿ ತಾನಾಗೇ ಬಿಲ್ಡ್ ಆಗಿದ್ದು, ಮನುಷ್ಯಾರು ಕುಂತು ನೋಡಿದ್ದಲ್ಲ.

ಪ್ರತಿ ಟೂಲಿಗೂ ಒಂದು ಕ್ಯಾಲೆಂಡರ್ ಇರ್ತೈತಿ, ಅದು ಗೊತ್ತಿದ್ರ ಅರ್ಧ ನಿರ್ಧಾರ ಆದಂಗ. ಪೈಥಾನ್ ವರ್ಷಕ್ಕೊಮ್ಮಿ ಅಕ್ಟೋಬರ್‌ದಾಗ ಬರ್ತೈತಿ, 3.13 ಬಂದಿದ್ದು 2024ರ ಅಕ್ಟೋಬರ್ 7ಕ್ಕ, 3.14 ಬಂದಿದ್ದು 2025ರ ಅಕ್ಟೋಬರ್ 7ಕ್ಕ. ಮೊದಲ್ನೇ ಬೀಟಾ ಮೇ ತಿಂಗಳದಾಗ, ಅಲ್ಲಿಂದ ಮುಂದ ಹೊಸ ಫೀಚರ್ ಸೇರ್ಸೂದು ಬಂದ್. ಅಂದ್ರ ಫೆಬ್ರವರಿಯಾಗ ಆಲ್ಫಾ ಹಾಕಿ ಅದರ ಮ್ಯಾಲ ಗಿರಾಕಿ ಕೆಲಸ ಶುರು ಮಾಡೂದು ಹುಚ್ಚುತನ, ಜೂನ್‌ದಾಗ ಬೀಟಾ ಹಾಕಿ ನಿಮ್ಮ ಕೋಡ್ ಓಡ್ತೈತೇನು ಅಂತ ನೋಡೂದು ಶ್ಯಾಣ್ಯಾತನ. ರಸ್ಟ್‌ದು ಆರು ವಾರದ ಗಾಡಿ: ನೈಟ್ಲಿಯಿಂದ ಬೀಟಾ ಕವಲು ಒಡೀತೈತಿ, ಆರು ವಾರ ಕಳದ ಮ್ಯಾಲ ಅದೇ ಸ್ಟೇಬಲ್ (ಎಲ್ಲಾರಿಗೂ ಬಿಡೂ ಪಕ್ಕಾ ವರ್ಷನ್) ಆಗ್ತೈತಿ. ಗೋ ಫೆಬ್ರವರಿ ಮತ್ತ ಆಗಸ್ಟ್‌ದಾಗ, ಜಾವಾ ಮಾರ್ಚ್ ಮತ್ತ ಸೆಪ್ಟೆಂಬರ್‌ದಾಗ, ಡಾಟ್‌ನೆಟ್ ನವೆಂಬರ್‌ದಾಗ.

ಜಾವಾದ "ಪ್ರಿವ್ಯೂ ಫೀಚರ್" ಅನ್ನೂದು ಇನ್ನೂ ಬ್ಯಾರೆ ಜಾತಿ. ಇಲ್ಲೆ ಜೆಡಿಕೆ (ಜಾವಾದ ಟೂಲಿನ ಕಟ್ಟು) ಪೂರ್ತಿ ಸ್ಟೇಬಲ್, ಆದ್ರ ಅದರೊಳಗಿನ ಒಂದು ಫೀಚರ್ ಮಾತ್ರ ಪ್ರಯೋಗದ್ದು. ಸ್ಟೇಬಲ್ ಹಾಕೀನಲ್ಲ ಅಂತ ನಂಬಿ ಕುಂತಾವ್ರು ಭಾಳ ಮಂದಿ. ಸ್ಟ್ರಿಂಗ್ ಟೆಂಪ್ಲೇಟ್ ಅನ್ನೂದು ಜಾವಾ 21ರಾಗ ಪ್ರಿವ್ಯೂ ಆಗಿ ಬಂತು, 22ರಾಗೂ ಇತ್ತು, 23ರಾಗ ತಗದ ಒಗದ್ರು. ಸುಧಾರಿಸಿ ಕೊಡ್ಲಿಲ್ಲ, ಪೂರ್ತಿ ತಗದ್ರು. ಅದನ್ನ ನಂಬಿ ನೂರು ಕಡೆ ಬರದಾವ್ರು ನೂರೂ ಕಡೆ ತಿದ್ದಬೇಕಾತು.

ನನ್ನ ಲೆಕ್ಕ ಹಿಂಗೈತಿ: ಆಲ್ಫಾ, ನೈಟ್ಲಿ ಕಲಿಯಾಕ ಅಷ್ಟ. ಬೀಟಾ ನಮ್ಮ ಸ್ವಂತ ಪ್ರಾಜೆಕ್ಟಿನ ಟೆಸ್ಟ್ ಓಡಸಾಕ. ಆರ್‌ಸಿ ಬಂದ ಮ್ಯಾಲ ಗಿರಾಕಿ ಕೋಡನ್ನ ಒಂದು ಬ್ರಾಂಚ್‌ನ್ಯಾಗ ಹಾಕಿ ನೋಡಬಹುದು. ಗಿರಾಕಿ ಮಿಷಿನ್ನಿಗೆ ಇವು ಯಾವೂ ಹೋಗಂಗಿಲ್ಲ.

## ಹಂತ 2: ವಾಪಸ್ ಬರೂ ದಾರಿ ಮೊದ್ಲ ಹಾಕ್ರಿ

ಇದನ್ನ ನಾನು ದುಡ್ಡು ಕೊಟ್ಟು ಕಲ್ತೀನಿ, ಹಿಂಗಾಗಿ ಜರಾ ಉದ್ದ ಬರೀತೀನಿ.

ಬ್ಯಾಡಗಿಯಾಗ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ತೂಕದ ಚೀಟಿ ಮತ್ತ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಡೇಟಾ ಎಲ್ಲಾ ಒಂದೇ ಫೈಲಿನ್ಯಾಗ ಇತ್ತು. ಒಂದು ಡೇಟಾಬೇಸ್ ಲೈಬ್ರರಿದು ಬೀಟಾ ಬಂದಿತ್ತು, ಹುಡುಕೂದು ಭಾಳ ಲಗೂ ಆಗ್ತೈತಿ ಅಂತ ಕೇಳಿದ್ದೆ, ಸೀಸನ್ ನಡದಾಗ ಅಲ್ಲೇ ಅಂಗಡ್ಯಾಗ ಕುಂತು ಹಾಕಿದೆ. ಲಗೂ ಆತು ಖರೇ. ಮೂರು ದಿನ ಸಾಹುಕಾರ್ರು ಖುಷಿ. ನಾಕನೇ ದಿನ ಒಂದು ರಿಪೋರ್ಟ್ ತಪ್ಪು ಬರಾಕತ್ತು, ಹಳೇ ವರ್ಷನ್ನಿಗೆ ಹೋಗೋಣ ಅಂತ ಬೀಟಾ ತಗದೆ, ಹಳೇ ಲೈಬ್ರರಿ ಆ ಫೈಲನ್ನ ತಗಿಯಾಕ ತಯಾರಿಲ್ಲ. ಬೀಟಾ ಮೊದಲ್ನೇ ಸಲ ಓಪನ್ ಮಾಡಿದಾಗನ ಸುಮ್ಕ ಫೈಲಿನ ಫಾರ್ಮ್ಯಾಟ್ ಬದ್ಲಿ ಮಾಡಿತ್ತು. ನನ್ ಬ್ಯಾಕಪ್ ಇತ್ತು, ಆದ್ರ ಹಾಕೂಕಿಂತ ಹಿಂದಿನ ದಿನದ್ದು. ನಡುವಿನ ಮೂರು ದಿನದ ಚೀಟಿ ಎಲ್ಲಾ ಕೈಲೆ ಟೈಪ್ ಮಾಡಬೇಕಾತು. ಗುಮಾಸ್ತರು ಒಂದು ಖಾಕಿ ಚೀಲ ತಂದು ಮುಂದ ಸುರುವಿದ್ರು, ಒಂದೊಂದು ಚೀಟಿ ಮ್ಯಾಲೂ ಕೆಂಪು ಬೆರಳಿನ ಗುರ್ತು, ಮೆಣಸಿನಕಾಯಿ ಪುಡಿ, ನಾನು ಒಂದು ಕೈಲೆ ಮೂಗು ಹಿಡ್ಕೊಂಡು ಇನ್ನೊಂದು ಕೈಲೆ ಟೈಪ್ ಮಾಡ್ಕೋತ ರಾತ್ರಿ ಎರಡರ ತನಕ ಕುಂತಿದ್ದೆ. ಸಾಹುಕಾರ್ರು ಬೈಲಿಲ್ಲ, ಚಾ ಕಳಿಸಿದ್ರು, "ಇಂಜಿನೀಯರ್ರ, ನಮ್ಮ ಕೆಂಪು ವಹಿ ಪುಸ್ತಕಕ್ಕ ಬೀಟಾ ಇರೂದಿಲ್ಲ ನೋಡ್ರಿ" ಅಂದ್ರು ಅಷ್ಟ.

ಅದಕ್ಕ ಇನ್‌ಸ್ಟಾಲ್ ಬಟನ್ ಒತ್ತೂಕಿಂತ ಮೊದ್ಲ ಇವಿಷ್ಟು:

1. ಗಿಟ್ ಸ್ಟೇಟಸ್ ಖಾಲಿ ಇರಬೇಕು. ಅರ್ಧಂಬರ್ಧ ಬದಲಾವಣಿ ಇದ್ರ ಕಮಿಟ್ ಮಾಡ್ರಿ (ಗಿಟ್ ಒಳಗ ಉಳಿಸ್ರಿ), ಹೊಸ ಬ್ರಾಂಚ್ (ಕೋಡಿನ ಬ್ಯಾರೆ ಕವಲು) ತಗೀರಿ, ಹೆಸರಿನ್ಯಾಗ ಟೂಲಿನ ವರ್ಷನ್ ಇರ್ಲಿ. ಮೊನ್ನೆ ಫೋನ್ ಮಾಡಿದ ಹುಡುಗನ್ನ ಉಳಿಸಿದ್ದು ಇದೊಂದ, ಸಂಜಿ ಆರಕ್ಕ ಕಮಿಟ್ ಮಾಡಿ ಮನಿಗೆ ಹೋಗಿದ್ದ.

2. ಲಾಕ್ ಫೈಲ್ (ಯಾವ ಪ್ಯಾಕೇಜಿನ ಯಾವ ವರ್ಷನ್ ಹಾಕೈತಿ ಅಂತ ಬರದಿಡೂ ಫೈಲ್) ಕಮಿಟ್ ಆಗೇತೇನು ನೋಡ್ರಿ. ಎನ್‌ಪಿಎಂ (ನೋಡ್ ಪ್ಯಾಕೇಜ್ ಹಾಕೂ ಟೂಲ್) ಇದ್ರ ಪ್ಯಾಕೇಜ್-ಲಾಕ್, ರಸ್ಟ್ ಇದ್ರ ಕಾರ್ಗೋ ಲಾಕ್. ಗಿಟ್‌ಇಗ್ನೋರ್‌ದಾಗ ಲಾಕ್ ಫೈಲ್ ಹಾಕಿ ಕುಂತಾವ್ರು ಇನ್ನೂ ಅದಾರ, ಯಾಕ ಅಂತ ಕೇಳಿದ್ರ "ಮರ್ಜ್ ಕಾನ್‌ಫ್ಲಿಕ್ಟ್ ಬರ್ತಾವ್ರಿ" ಅಂತಾರ.

3. ಈಗಿನ ಎಲ್ಲಾ ಟೂಲಿನ ವರ್ಷನ್ ಕೇಳಿ ನೋಟ್‌ಬುಕ್ಕಿನ್ಯಾಗ ಬರಕೋರಿ. "ಹಳೇದು ಚೊಲೋ ಇತ್ತು" ಅಂದ್ರ ಸಾಲೂದಿಲ್ಲ, ಹಳೇದು ಅಂದ್ರ ಯಾವುದು?

4. ಟೂಲ್ ಮುಟ್ಟೂ ಡೇಟಾ ಫೈಲ್ ಇದ್ರ ಅದರ ನಕಲು ಮಾಡಿ, ನಕಲಿನ ಮ್ಯಾಲ ಅಷ್ಟ ಹೊಸ ಟೂಲ್ ಬಿಡ್ರಿ. ನಕಲನ್ನ ಒಮ್ಮಿ ತಗದು ನೋಡ್ರಿ. ತಗದು ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ.

5. ಅನ್‌ಇನ್‌ಸ್ಟಾಲ್ ಮಾಡೂದು ಹೆಂಗ ಅಂತ ಈಗ ಓದ್ರಿ. ಇನ್‌ಸ್ಟಾಲ್ ಪುಟದಾಗ ಅದು ಇಲ್ಲಾಂದ್ರ ಅದೂ ಒಂದು ಸೂಚನಾ.

## ಹಂತ 3: ಹೊಸ ಟೂಲಿಗೆ ಬ್ಯಾರೆ ಮನಿ ಮಾಡಿಕೊಡ್ರಿ

ಹಳೇದ್ರ ಮ್ಯಾಲ ಹೊಸಾದು ಹಾಕಬ್ಯಾಡ್ರಿ. ಎರಡೂ ಮಗ್ಗಲ ಮಗ್ಗಲ ಇರಬೇಕು, ಹಳೇದು ಡಿಫಾಲ್ಟ್ ಆಗೇ ಉಳೀಬೇಕು, ಹೊಸಾದು ಹೆಸರು ಹಿಡದು ಕರದ್ರ ಅಷ್ಟ ಬರಬೇಕು. ಇದನ್ನ ಒಂದೊಂದು ಟೂಲ್ ಒಂದೊಂದು ರೀತಿ ಮಾಡ್ತೈತಿ.

ರಸ್ಟ್‌ದಾಗ ಇದು ಭಾಳ ಸರಳ. ರಸ್ಟಪ್‌ಲೆ ನೈಟ್ಲಿ ಹಾಕ್ರಿ, ಡಿಫಾಲ್ಟ್ ಬದ್ಲಿ ಮಾಡಬ್ಯಾಡ್ರಿ. ಬೇಕಾದಾಗ ಕಾರ್ಗೋ ಮುಂದ ಪ್ಲಸ್ ಚಿಹ್ನಿ ಹಚ್ಚಿ ನೈಟ್ಲಿ ಅಂತ ಬರದ್ರ ಆ ಒಂದು ಕಮಾಂಡ್ ಅಷ್ಟ ನೈಟ್ಲಿಯಾಗ ಓಡ್ತೈತಿ. "ರಸ್ಟಪ್ ಡಿಫಾಲ್ಟ್ ನೈಟ್ಲಿ" ಅಂತ ಒಮ್ಮಿ ಹೊಡದು ಮರತುಬಿಟ್ರ, ಮೂರು ತಿಂಗಳ ಆದ ಮ್ಯಾಲ ನಿಮ್ಮ ಕೋಡು ಗೆಳ್ಯಾನ ಮಿಷಿನ್‌ದಾಗ ಓಡೂದಿಲ್ಲ, ಸ್ಟೇಬಲ್ ಚಾನಲ್‌ದಾಗ ಈ ಫೀಚರ್ ಬಳಸಂಗಿಲ್ಲ ಅಂತ ಇ0554 ಎರರ್ ಬರ್ತೈತಿ, ಆಗ ಇಬ್ರೂ ಒಬ್ಬರಿಗೊಬ್ರು ಬೈಕೋತ ಕುಂದರ್ತೀರಿ.

ಪೈಥಾನ್‌ದಾಗ ಸಿಸ್ಟಮ್ ಪೈಥಾನ್ ಮುಟ್ಟಬ್ಯಾಡ್ರಿ. ಉಬಂಟುದಾಗ ಎಷ್ಟೋ ಸಿಸ್ಟಮ್ ಕೆಲಸ ಅದರ ಮ್ಯಾಲ ನಡೀತಾವ. ಪೈಎನ್ವ್‌ಲೆ ಬೀಟಾ ಹಾಕಿ, ಅದರಿಂದ ಹೊಸ ವೆನ್ವ್ (ಒಂದು ಪ್ರಾಜೆಕ್ಟಿನ ಪ್ಯಾಕೇಜ್ ಅಷ್ಟ ಇಡೂ ಬ್ಯಾರೆ ಫೋಲ್ಡರ್) ಮಾಡಿ, ಪ್ಯಾಕೇಜ್ ಅದರೊಳಗ ಹಾಕ್ರಿ. ಹಳೇ ವೆನ್ವ್ ಫೋಲ್ಡರನ್ನ ಹೊಸ ಪೈಥಾನ್‌ಗೆ ತೋರ್ಸಿ ನಡೀತೈತಿ ಅಂತ ಬಿಡಬ್ಯಾಡ್ರಿ, ಸಿ ಭಾಷಾದಾಗ ಬರದ ಪ್ಯಾಕೇಜ್ ಎಲ್ಲಾ ಅಲ್ಲೇ ಮುಗ್ಗರಸ್ತಾವ.

ಡಾಟ್‌ನೆಟ್‌ದಾಗ ಒಂದು ಗುಂಡಿ ಐತಿ, ಎಲ್ಲಾರೂ ಬೀಳ್ತಾರ. ಪ್ರಿವ್ಯೂ ಎಸ್‌ಡಿಕೆ (ಕೋಡ್ ಬಿಲ್ಡ್ ಮಾಡೂ ಟೂಲಿನ ಕಟ್ಟು) ಮಗ್ಗಲಕ್ಕ ಹಾಕಿದ್ರೂ, ಗ್ಲೋಬಲ್ ಡಾಟ್ ಜೇಸನ್ ಅನ್ನೂ ಫೈಲ್ ಇಲ್ಲದ ಪ್ರಾಜೆಕ್ಟೆಲ್ಲಾ ಮಿಷಿನ್‌ದಾಗಿನ ಎಲ್ಲಾಕಿಂತ ಹೊಸ ಎಸ್‌ಡಿಕೆ ಹಿಡೀತಾವ, ಅದು ಪ್ರಿವ್ಯೂ ಇದ್ರೂ. ಅಂದ್ರ ಒಂದು ಆಟದ ಪ್ರಾಜೆಕ್ಟಿಗೆ ಅಂತ ಹಾಕಿದ್ದು ಹತ್ತೂ ಪ್ರಾಜೆಕ್ಟಿಗೆ ಹತ್ತಿಕೋತು. ಗಿರಾಕಿ ಪ್ರಾಜೆಕ್ಟ್ ಎಲ್ಲಾದ್ರಾಗೂ ಮೊದ್ಲ ಆ ಫೈಲ್ ಹಾಕಿ ಸ್ಟೇಬಲ್ ವರ್ಷನ್ ಬರದು, ಪ್ರಿರಿಲೀಸ್ ಬ್ಯಾಡ ಅಂತ ಫಾಲ್ಸ್ ಕೊಟ್ಟು, ಆಮ್ಯಾಲ ಪ್ರಿವ್ಯೂ ಹಾಕ್ರಿ.

ಎಡಿಟರ್ ಕತಿ ಜರಾ ಹಗುರ. ವಿಎಸ್ ಕೋಡ್ ಇನ್‌ಸೈಡರ್ಸ್ ಹಸರ ಐಕಾನ್‌ದು ಬ್ಯಾರೇನ ಆ್ಯಪ್, ಅದರ ಸೆಟಿಂಗು ಎಕ್ಸ್‌ಟೆನ್ಷನ್ನು ಎಲ್ಲಾ ಬ್ಯಾರೆ ಫೋಲ್ಡರ್, ನಿಮ್ಮ ನೀಲಿ ಐಕಾನ್‌ದಕ್ಕ ಧಕ್ಕಿ ಇಲ್ಲ. ಆಂಡ್ರಾಯ್ಡ್ ಸ್ಟುಡಿಯೋ ಕ್ಯಾನರಿನೂ (ಅದರ ಎಲ್ಲಾಕಿಂತ ಮೊದ್ಲ ಬರೂ ಪ್ರಿವ್ಯೂ) ಮಗ್ಗಲಕ್ಕ ಕುಂದರ್ತೈತಿ. ಆದ್ರ ಆ್ಯಪ್ ಬ್ಯಾರೆ ಇದ್ದಷ್ಟಕ್ಕ ಪ್ರಾಜೆಕ್ಟ್ ಬ್ಯಾರೆ ಆಗೂದಿಲ್ಲ. ಕ್ಯಾನರಿಯಾಗ ತಗದ ಕೂಡ್ಲೇ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ ಅಪ್‌ಗ್ರೇಡ್ ಮಾಡ್ರಿ ಅಂತ ಸೂಚನಾ ಬರ್ತೈತಿ, ಹೂಂ ಅಂದ್ರ ಆ ಪ್ಲಗಿನ್ ವರ್ಷನ್ ಹಳೇ ಸ್ಟುಡಿಯೋಗೆ ತಿಳಿಯೂದಿಲ್ಲ, ತಗಿಯೂದಿಲ್ಲ ಅಂತೈತಿ. ಅದಕ್ಕ ಕ್ಯಾನರಿಗೆ ಪ್ರಾಜೆಕ್ಟಿನ ಇನ್ನೊಂದು ಕ್ಲೋನ್ ಮಾಡಿಕೊಡ್ರಿ, ಬ್ಯಾರೆ ಫೋಲ್ಡರ್‌ದಾಗ. ಅಲ್ಲೆ ಬೇಕಾದಷ್ಟು ಹೂಂ ಅನ್ರಿ.

ಹಾಕಿದ ಮ್ಯಾಲ ಹೊಸ ಟರ್ಮಿನಲ್ ತಗದು ಹಳೇ ಟೂಲಿನ ವರ್ಷನ್ ಕೇಳ್ರಿ. ಹಳೇದ ಬಂದ್ರ ಮನಿ ಬ್ಯಾರೆ ಆಗೇತಿ. ಹೊಸಾದು ಬಂದ್ರ ಪಾತ್ (ಟರ್ಮಿನಲ್ ಟೂಲ್ ಹುಡುಕೂ ಫೋಲ್ಡರಿನ ಪಟ್ಟಿ) ಕೆಟ್ಟೈತಿ, ಮುಂದಿನ ಹಂತಕ್ಕ ಹೋಗಬ್ಯಾಡ್ರಿ, ಅದನ್ನ ಸರಿ ಮಾಡ್ರಿ.

## ಹಂತ 4: ವರ್ಷನ್ ಕಟ್ಟಿಹಾಕ್ರಿ

"ನೈಟ್ಲಿ" ಅನ್ನೂದು ಒಂದು ವರ್ಷನ್ ಅಲ್ಲ, ದಿನಾ ಬದ್ಲಿ ಆಗೂ ಮಾಲು. ಇವತ್ತು ಪಾಸ್ ಆದ ಬಿಲ್ಡ್ ನಾಳೆ ಫೇಲ್ ಆತು ಅಂದ್ರ ನಿಮ್ಮ ಕೋಡ್ ಕೆಟ್ಟಿತೋ ಟೂಲ್ ಕೆಟ್ಟಿತೋ ಹೇಳಾಕ ಬರೂದಿಲ್ಲ. ರಸ್ಟ್‌ದಾಗ ನೈಟ್ಲಿ ಮುಂದ ತಾರೀಖು ಹಚ್ಚಿ ಹಾಕಬಹುದು, ಆ ತಾರೀಖನ್ನ ಪ್ರಾಜೆಕ್ಟಿನ ರಸ್ಟ್-ಟೂಲ್‌ಚೈನ್ ಫೈಲಿನ್ಯಾಗ ಬರದು ಇಟ್ರ ಟೀಮಿನ ಎಲ್ಲಾರ ಮಿಷಿನ್‌ದಾಗೂ ಅದೇ ದಿನದ್ದು ಬರ್ತೈತಿ. ಡಾಕರ್ ಇಮೇಜ್ ಇದ್ರ ಟ್ಯಾಗ್ ನಂಬಬ್ಯಾಡ್ರಿ, ಡೈಜೆಸ್ಟ್ (ಆ ಒಂದು ಇಮೇಜಿಗಷ್ಟ ಇರೂ ಗುರ್ತಿನ ಸಂಖ್ಯಾ) ಬರೀರಿ.

ಎನ್‌ಪಿಎಂದಾಗ ಟ್ಯಾಗ್ ಕೊಡದ ಹಾಕಿದ್ರ "ಲೇಟೆಸ್ಟ್" ಬರ್ತೈತಿ, ಬೀಟಾ ಬೇಕಂದ್ರ "ನೆಕ್ಸ್ಟ್" ಇಲ್ಲಾ "ಬೀಟಾ" ಅಂತ ಟ್ಯಾಗ್ ಕೊಡಬೇಕು. ಟೈಪ್‌ಸ್ಕ್ರಿಪ್ಟ್‌ದು ನೆಕ್ಸ್ಟ್ ಅಂದ್ರ ನೈಟ್ಲಿ. ಹಾಕಿದ ಮ್ಯಾಲ ಪ್ಯಾಕೇಜ್ ಡಾಟ್ ಜೇಸನ್ ತಗದು ನೋಡ್ರಿ, ವರ್ಷನ್ ಮುಂದ ಟೋಪಿ ಚಿಹ್ನಿ (^) ಇರ್ತೈತಿ. 2.0.0-ಬೀಟಾ.3 ಮುಂದ ಟೋಪಿ ಇದ್ರ ಲಾಕ್ ಫೈಲ್ ಇಲ್ಲದ ಮಿಷಿನ್‌ದಾಗ ಬೀಟಾ.4, ಬೀಟಾ.5 ಏನ್ ಬಂದಿರ್ತೈತೋ ಅದು ಬರ್ತೈತಿ. ಟೋಪಿ ತಗೀರಿ. ಸರ್ವರ್‌ದಾಗ ಎನ್‌ಪಿಎಂ ಇನ್‌ಸ್ಟಾಲ್ ಬ್ಯಾಡ, ಎನ್‌ಪಿಎಂ ಸಿಐ ಹೊಡೀರಿ, ಅದು ಲಾಕ್ ಫೈಲ್ ಬಿಟ್ಟು ಹೊರಗ ಹೋಗೂದಿಲ್ಲ.

ನಿಮ್ಮ ಸ್ವಂತ ಪ್ಯಾಕೇಜಿಗೆ ಬೀಟಾ ನಂಬರ್ ಕೊಡಾವ್ರಿದ್ರ ಚುಕ್ಕಿ ಮರೀಬ್ಯಾಡ್ರಿ. ಬೀಟಾ.2ಕ್ಕಿಂತ ಬೀಟಾ.11 ದೊಡ್ಡದು. ಚುಕ್ಕಿ ಇಲ್ಲದ ಬೀಟಾ2, ಬೀಟಾ11 ಅಂತ ಬರದ್ರ ಅದನ್ನ ಅಕ್ಷರ ಅಂತ ತಿಳ್ಕೊಂಡು ಹೋಲಿಸ್ತೈತಿ, ಬೀಟಾ11 ಸಣ್ಣದು ಆಗ್ತೈತಿ. ಇದು ಗೊತ್ತಿಲ್ದ ಒಬ್ಬಾವ ಎರಡು ದಿನ ಕಳದ. ಆ ಒಬ್ಬಾವ ನಾನ.

ಪಿಪ್‌ದು (ಪೈಥಾನ್ ಪ್ಯಾಕೇಜ್ ಹಾಕೂ ಟೂಲ್) ಇನ್ನೊಂದು ದೊಡ್ಡ ತಪ್ಪು. ಒಂದು ಪ್ಯಾಕೇಜಿನ ಆರ್‌ಸಿ ಬೇಕು ಅಂತ ಎರಡು ಗೀಟು ಹಾಕಿ ಪ್ರಿ ಅಂತ ಫ್ಲ್ಯಾಗ್ ಕೊಡ್ತಾರ. ಆ ಫ್ಲ್ಯಾಗ್ ಆ ಪ್ಯಾಕೇಜಿಗಷ್ಟ ಅಲ್ಲ, ಅದರ ಬೆನ್ನಿಗೆ ಬರೂ ಎಲ್ಲಾ ಡಿಪೆಂಡೆನ್ಸಿಗೂ ಹತ್ತತೈತಿ. ಮನಿಗೆ ಒಬ್ಬ ಬೀಗರನ್ನ ಕರದ್ರ ಓಣಿ ಮಂದೆಲ್ಲಾ ಊಟಕ್ಕ ಕುಂತಂಗ. ಫ್ಲ್ಯಾಗ್ ಬಿಟ್ಟು ಪೂರ್ತಿ ವರ್ಷನ್ ಬರೀರಿ, ಎರಡು ಸಮ ಚಿಹ್ನಿ ಹಾಕಿ 2.0.0ಆರ್‌ಸಿ1 ಅಂತ, ಆಗ ಅದೊಂದ ಪ್ರಿರಿಲೀಸ್ ಬರ್ತೈತಿ, ಉಳಿದಿದ್ದು ಸ್ಟೇಬಲ್ ಇರ್ತೈತಿ.

## ಹಂತ 5: ಟೆಸ್ಟ್ ಓಡ್ಸೂ ಕ್ರಮ

ಮೊದ್ಲ ಹಳೇ ಟೂಲಿನ್ಯಾಗ ಎಲ್ಲಾ ಟೆಸ್ಟ್ ಓಡಸ್ರಿ. "ಅದು ಪಾಸ್ ಆಗೂದು ಗೊತ್ತೈತಲ್ರೀ" ಅಂತೀರಿ, ಗೊತ್ತಿರೂದಿಲ್ಲ. ಎಷ್ಟು ಪಾಸ್, ಎಷ್ಟು ಫೇಲ್, ಬಿಲ್ಡಿಗೆ ಎಷ್ಟು ಸೆಕೆಂಡ್, ವಾರ್ನಿಂಗ್ ಎಷ್ಟು, ಬರಕೋರಿ. ಆಮ್ಯಾಲ ಕೋಡಿನ ಒಂದು ಅಕ್ಷರನೂ ಮುಟ್ಟದ ಹೊಸ ಟೂಲಿನ್ಯಾಗ ಅದನ್ನ ಓಡಸ್ರಿ. ಈಗ ಬಂದ ಫರಕ್ ಎಲ್ಲಾ ಟೂಲಿಂದು. ಅದನ್ನ ನೋಡಿ, ಅರ್ಥ ಮಾಡ್ಕೊಂಡ ಮ್ಯಾಲ, ಹೊಸ ಫೀಚರ್ ಬಳಸಿ ಕೋಡ್ ಬದ್ಲಿ ಮಾಡ್ರಿ. ಟೂಲ್ ಬದಲಾವಣಿ ಒಂದು ಕಮಿಟ್, ಕೋಡ್ ಬದಲಾವಣಿ ಇನ್ನೊಂದು ಕಮಿಟ್. ಎರಡೂ ಒಂದೇ ಕಮಿಟ್‌ದಾಗ ಹಾಕಿ "ಅಪ್‌ಗ್ರೇಡ್" ಅಂತ ಬರದ್ರ ನಿಮಗ ನೀವ ಶತ್ರು.

ನಮ್ಮ ಕಡೆ ಸಾಫ್ಟ್‌ವೇರ್ ಅಂದ್ರ ಕನ್ನಡ ಇದ್ದೇ ಇರ್ತೈತಿ, ರೈತರ ಹೆಸರು, ಊರ ಹೆಸರು, ಬಿಲ್ಲಿನ ತಲೆಬರಹ. ಟೂಲ್ ಮಾಡಾವ್ರು ಎಷ್ಟೋ ಸಲ ಇದನ್ನ ನೋಡಿರೂದಿಲ್ಲ, ಹಿಂಗಾಗಿ ನಿಮ್ಮ ಟೆಸ್ಟಿನ್ಯಾಗ ಕನ್ನಡ ಇರ್ಲಿ. ನಾನು ಯಾವಾಗಲೂ ಒಂದು ಶಬ್ದ ಹಾಕ್ತೀನಿ: ಹುಬ್ಬಳ್ಳಿ. ಕಣ್ಣಿಗೆ ಮೂರು ಅಕ್ಷರ, ಹು, ಬ್ಬ, ಳ್ಳಿ. ಯೂನಿಕೋಡ್‌ದಾಗ ಒಂಬತ್ತು ಕೋಡ್ ಪಾಯಿಂಟ್, ಯಾಕಂದ್ರ ಅಲ್ಲೆ ಸ್ವರದ ಚಿಹ್ನಿ, ಹಲಂತ ಎಲ್ಲಾ ಬ್ಯಾರೆ ಬ್ಯಾರೆ ಎಣಿಸ್ತಾರ. ಯುಟಿಎಫ್-8ರಾಗ ಒಂದೊಂದಕ್ಕ ಮೂರು ಬೈಟ್, ಒಟ್ಟು 27. ಮೂರೂ ಲೆಕ್ಕಕ್ಕ ಒಂದೊಂದು ಟೆಸ್ಟ್ ಬರದು ಇಟ್ಟೀನಿ. ಹೊಸ ಟೂಲ್ ಬಂದಾಗ ಇವು ಬದ್ಲಿ ಆದ್ರ ಎಲ್ಲೋ ಸ್ಟ್ರಿಂಗ್ ಕತ್ತರಿಸೂ ಕೋಡಿಗೆ ಕೈ ಹಾಕ್ಯಾರ ಅಂತ ತಿಳೀತೈತಿ, ಇಲ್ಲಾಂದ್ರ ಅದು ಗೊತ್ತಾಗೂದು ಬಿಲ್ ಪ್ರಿಂಟ್ ಆದಾಗ, ಹುಬ್ಬಳ್ಳಿ ಅನ್ನೂದು ನಡುವ ಕಡದು ಕೊನೀಗೆ ಒಂದು ಹಲಂತ ಜೋತಾಡಕೋತ. ಪ್ರಿವ್ಯೂ ಟರ್ಮಿನಲ್ ಇದ್ರ ಒತ್ತಕ್ಷರ ಸರಿ ಬರ್ತಾವೇನು, ಕರ್ಸರ್ ಅಕ್ಷರದ ಹಿಂದ ಮುಂದ ಓಡಾಡ್ತೈತೇನು ಅಂತನೂ ನೋಡ್ರಿ.

## ಹಂತ 6: ಇವು ಕಂಡ್ರ ಅಲ್ಲೇ ನಿಲ್ರಿ

ಒಂದು ಪ್ಯಾಕೇಜ್ ಹಾಕಾಕ ಹೋದ್ರ ಫ್ಯಾನ್ ಜೋರಾಗಿ ತಿರಗಾಕತ್ತು, ಹತ್ತು ನಿಮಿಷ ಆದ್ರೂ ಮುಗೀವಲ್ದು, ಪರದಿ ಮ್ಯಾಲ ಜಿಸಿಸಿ (ಸಿ ಭಾಷಾದ ಕಂಪೈಲರ್) ಅಂತ ಕಾಣಾಕತ್ತೈತಿ. ಅಂದ್ರ ಈ ಪೈಥಾನ್ ಬೀಟಾಕ್ಕ ಆ ಪ್ಯಾಕೇಜಿನ ತಯಾರ ವ್ಹೀಲ್ (ಮೊದ್ಲ ಕಟ್ಟಿಟ್ಟ ಪ್ಯಾಕೇಜ್ ಫೈಲ್) ಇನ್ನೂ ಬಂದಿಲ್ಲ, ನಿಮ್ಮ ಮಿಷಿನ್‌ದಾಗ ಸೋರ್ಸಿನಿಂದ ಕಟ್ಟಾಕತ್ತೈತಿ. ನಮ್‌ಪೈ ಅಂಥಾ ದೊಡ್ಡ ಪ್ಯಾಕೇಜಿಗೆ ಇದು ಆದ್ರ ಕಂಟ್ರೋಲ್-ಸಿ ಹೊಡದು ವ್ಹೀಲ್ ಬರೂ ತನಕ ಕಾಯೂದು ಚೊಲೋ. ಮಳಿಗಾಲದಾಗ ಕರೆಂಟ್ ನಡುವ ಹೋತು ಅಂದ್ರ ಮತ್ತ ಮೊದಲಿಂದ.

ಕ್ಲೀನ್ ಬಿಲ್ಡ್ ಮಾಡಿದ್ರ ಪಾಸ್, ಮತ್ತೊಮ್ಮಿ ಓಡ್ಸಿದ್ರ ಫೇಲ್, ಮತ್ತ ಕ್ಲೀನ್ ಮಾಡಿದ್ರ ಪಾಸ್. ಇದು ಟೂಲಿನ ಕ್ಯಾಶ್ (ಹಿಂದಿನ ಬಿಲ್ಡಿಂದ ಉಳಿಸಿಟ್ಟ ಫೈಲ್) ಕೆಟ್ಟಿರೂ ಲಕ್ಷಣ. "ಪ್ರತಿ ಸಲ ಕ್ಲೀನ್ ಮಾಡ್ತೀನಿ ಬಿಡ್ರಿ" ಅಂತ ರೂಢಿ ಮಾಡ್ಕೋಬ್ಯಾಡ್ರಿ, ಒಂದು ದಿನ ಕ್ಲೀನ್ ಮಾಡೂದು ಮರ್ತು ಹಳೇ ಬೈನರಿ ಗಿರಾಕಿಗೆ ಕಳಸ್ತೀರಿ.

ನೀವು ಏನೂ ಹಾಕಿಲ್ಲ, ಆದ್ರೂ ಗಿಟ್ ಸ್ಟೇಟಸ್‌ದಾಗ ಲಾಕ್ ಫೈಲು, ಪ್ರಾಜೆಕ್ಟ್ ಫೈಲು ಬದ್ಲಿ ಆಗೇತಿ ಅಂತ ತೋರಸ್ತೈತಿ. ಏನ್ ಬದ್ಲಿ ಆತು ಅಂತ ಓದದ ಕಮಿಟ್ ಮಾಡಬ್ಯಾಡ್ರಿ.

ಕಂಪೈಲರ್ ನಿಮ್ಮ ಕೋಡಿನ ತಪ್ಪು ಹೇಳೂದು ಬಿಟ್ಟು ತಾನ ಬಿದ್ರ, ಅದು ಇಂಟರ್ನಲ್ ಕಂಪೈಲರ್ ಎರರ್. ಇದ್ರಾಗ ನಿಮ್ಮ ತಲಿ ಕೆಡಿಸ್ಕೊಳ್ಳೂದು ಏನಿಲ್ಲ, ಹಂತ 7ಕ್ಕ ಹೋಗ್ರಿ.

ಮತ್ತ ತಾರೀಖು. ಜೆಟ್‌ಬ್ರೇನ್ಸ್ (ಎಡಿಟರ್ ಮಾಡೂ ಕಂಪನಿ) ಇಎಪಿ ಬಿಲ್ಡ್, ಅಂದ್ರ ಬಿಡುಗಡಿಗೂ ಮೊದ್ಲಿನ ಪ್ರಯೋಗದ ವರ್ಷನ್, ಮೂವತ್ತು ದಿನಕ್ಕ ಎಕ್ಸ್‌ಪೈರ್ ಆಗ್ತಾವ. ಪುಗಸೆಟ್ಟೆ ಸಿಕ್ಕಿತು ಅಂತ ಹಾಕ್ಕೊಂಡು ಮೂವತ್ತೊಂದನೇ ದಿನಕ್ಕ ಡೆಡ್‌ಲೈನ್ ಇಟ್ಕೊಂಡಾವ್ರನ್ನ ನೋಡೀನಿ. ಹಾಕಿದ ದಿನಾನ ಕ್ಯಾಲೆಂಡರ್‌ದಾಗ ಇಪ್ಪತ್ತೈದನೇ ದಿನಕ್ಕ ನೆನಪು ಇಡ್ರಿ.

## ಹಂತ 7: ಬಗ್ ಸಿಕ್ರ ಹೆಂಗ ತಿಳಸೂದು

ಮೊದ್ಲ ಅದೇ ಕೋಡ್ ಸ್ಟೇಬಲ್‌ದಾಗ ಓಡಸ್ರಿ. ಅಲ್ಲೂ ಬಿದ್ರ ಅದು ಪ್ರಿವ್ಯೂ ಬಗ್ ಅಲ್ಲ, ಬಹುಶಃ ನಿಮ್ಮದ. ಅಲ್ಲೆ ಓಡಿದ್ರ ಕೋಡ್ ಸಣ್ಣದು ಮಾಡ್ಕೋತ ಬರ್ರಿ, ಒಂದೊಂದು ಭಾಗ ತಗೀರಿ, ತಗದ ಮ್ಯಾಲೂ ಬಗ್ ಇದ್ರ ಇನ್ನೂ ತಗೀರಿ. ಇಪ್ಪತ್ತು ಸಾಲಿಗೆ ಬಂದ್ರ ಓದ್ತಾರ, ಇಡೀ ರೆಪೋ ಲಿಂಕ್ ಕೊಟ್ರ ಯಾರೂ ತಗಿಯೂದಿಲ್ಲ.

ಯಾವ ದಿನದ ನೈಟ್ಲಿಯಿಂದ ಕೆಟ್ಟಿತು ಅಂತ ಹುಡುಕೂದು ಅಂದ್ಕೊಂಡಷ್ಟು ಕಷ್ಟ ಇಲ್ಲ. ನೂರು ದಿನದ ನಡುವ ಎಲ್ಲೋ ಕೆಟ್ಟೈತಿ ಅಂದ್ರ ನಡುವಿಂದು ಹಾಕಿ ನೋಡ್ರಿ, ಚೊಲೋ ಇದ್ರ ಮುಂದಿನ ಅರ್ಧ, ಕೆಟ್ಟಿದ್ರ ಹಿಂದಿನ ಅರ್ಧ, ಹೆಚ್ಚಂದ್ರ ಏಳು ಸಲದಾಗ ಆ ದಿನ ಸಿಗ್ತೈತಿ. ರಸ್ಟ್‌ಗೆ ಇದನ್ನ ತಾನ ಮಾಡೂ ಕಾರ್ಗೋ-ಬೈಸೆಕ್ಟ್-ರಸ್ಟ್‌ಸಿ ಐತಿ. ಮೊಬೈಲ್ ಹಾಟ್‌ಸ್ಪಾಟ್ ಮ್ಯಾಲ ಮಾತ್ರ ಮಾಡಬ್ಯಾಡ್ರಿ, ಒಂದೊಂದು ಟೂಲ್‌ಚೈನ್ ಇಳಿಸ್ಕೋತ ದಿನದ ಡೇಟಾ ಖಾಲಿ.

ರಿಪೋರ್ಟಿನ್ಯಾಗ ಪೂರ್ತಿ ವರ್ಷನ್, ಓಎಸ್, ಏನ್ ಆಗಬೇಕಿತ್ತು, ಏನ್ ಆತು, ಇಷ್ಟು ಇರ್ಲಿ. ಲಾಗ್ ಅಂಟಿಸೂಕಿಂತ ಮೊದ್ಲ ಓದ್ರಿ, ಫೋಲ್ಡರ್ ಪಾತಿನ್ಯಾಗ ಗಿರಾಕಿ ಹೆಸರು, ಎನ್ವಿರಾನ್ಮೆಂಟ್‌ದಾಗ ಪಾಸ್‌ವರ್ಡ್ ಇದ್ದು ಬಿಡ್ತಾವ. ಬಿಟ್ರ ಊರೆಲ್ಲಾ ಓದ್ತೈತಿ.

## ಹಂತ 8: ಹೊರಗ ಕಳಸೂ ಮುಂಚೆ ಗೇಟ್ ಹಾಕ್ರಿ

ನಿಮ್ಮ ಮಿಷಿನ್‌ದಾಗ ಓಡಿದ್ದು ಹೊರಗ ಓಡ್ತೈತಿ ಅಂತಲ್ಲ, ಎಷ್ಟೋ ಕಡೆ ರೂಲೇ ಬ್ಯಾಡ ಅಂತೈತಿ. ಎಕ್ಸ್‌ಕೋಡ್ ಬೀಟಾದಾಗ ಕಟ್ಟಿದ ಆ್ಯಪನ್ನ ಆ್ಯಪ್ ಸ್ಟೋರಿಗೆ ಹಾಕಾಕ ಬರೂದಿಲ್ಲ, ಆರ್‌ಸಿ ತನಕ ಕಾಯಬೇಕು. ಜಾವಾದಾಗ ಪ್ರಿವ್ಯೂ ಫೀಚರ್ ಬಳಸಿ 22ರಾಗ ಕಟ್ಟಿದ ಕ್ಲಾಸ್ ಫೈಲು 22ರಾಗ ಅಷ್ಟ ಓಡ್ತೈತಿ, ಅದೂ ಎನೇಬಲ್-ಪ್ರಿವ್ಯೂ ಅಂತ ಕೊಟ್ರ. ಗಿರಾಕಿ ಒಂದು ದಿನ 23 ಹಾಕ್ಕೊಂಡ್ರ ಅಂದ್ರ ನಿಮಗ ಫೋನು.

ಸಿಐ (ಕೋಡ್ ಸೇರಿಸಿದಾಗೆಲ್ಲಾ ತಾನಾಗೇ ಬಿಲ್ಡ್, ಟೆಸ್ಟ್ ಮಾಡೂ ವ್ಯವಸ್ಥಾ) ಇದ್ರ ಎರಡು ಸಾಲು ಮಾಡ್ರಿ. ಸ್ಟೇಬಲ್ ಸಾಲು ಫೇಲ್ ಆದ್ರ ಮರ್ಜ್ ನಿಲ್ಲಬೇಕು. ನೈಟ್ಲಿ ಸಾಲು ಫೇಲ್ ಆದ್ರ ಕೆಂಪು ತೋರ್ಸಲಿ, ಆದ್ರ ಕೆಲಸ ನಿಲ್ಲಸೂದು ಬ್ಯಾಡ. ನೈಟ್ಲಿ ಫೇಲ್ ಆತು ಅಂತ ಇಡೀ ಟೀಮ್ ಗಿರ್ಮಿಟ್ ತಿನ್ನಾಕ ಹೋಗಿ ಕುಂತಿದ್ದೂ ಆಗೇತಿ, ಗಿರ್ಮಿಟ್ ಚೊಲೋ ಇತ್ತು, ಬಿಲ್ ಮಾತ್ರ ಟೀಮ್ ಲೀಡ್‌ಗೆ ಬಿತ್ತು.

## ಹಂತ 9: ವಾಪಸ್ ಬರೂದು

ಕೆಟ್ಟೈತಿ, ವಾಪಸ್ ಹೋಗಬೇಕು ಅಂದ್ರ ಕ್ರಮ ಇದು, ತಿರುಗಾಮುರುಗಾ ಮಾಡಬ್ಯಾಡ್ರಿ. ಎಡಿಟರ್ ಬಂದ್ ಮಾಡ್ರಿ, ಹಿಂದ ಓಡೂ ಗ್ರೇಡಲ್ ಡೀಮನ್ ಅಂಥಾವೆಲ್ಲಾ ನಿಲ್ಲಸ್ರಿ. ಹಳೇ ಬ್ರಾಂಚಿಗೆ ಹೋಗ್ರಿ. ಆಮ್ಯಾಲ ಬಿಲ್ಡ್ ಫೋಲ್ಡರ್ ತಗೀರಿ: ನೋಡ್ ಮಾಡ್ಯೂಲ್ಸ್, ರಸ್ಟ್‌ದು ಟಾರ್ಗೆಟ್, ಡಾಟ್‌ನೆಟ್‌ದು ಬಿನ್ ಮತ್ತ ಆಬ್ಜ್, ಪ್ರಾಜೆಕ್ಟ್ ಒಳಗಿನ ಡಾಟ್ ಗ್ರೇಡಲ್. ಇದನ್ನ ಬಿಟ್ಟಾವ್ರ ಭಾಳ. ಗಿಟ್ ಹಳೇ ಕೋಡ್ ಕೊಡ್ತೈತಿ, ಹೊಸ ಟೂಲ್ ಬಿಟ್ಟುಹೋದ ಕಸ ಹಂಗ ಉಳದಿರ್ತೈತಿ, ಹಳೇ ಟೂಲ್ ಅದನ್ನ ತುಳದು ಜಾರಿ ಬೀಳ್ತೈತಿ. ಮೊನ್ನೆ ಹುಡುಗಂದು ಇದೇ ಆಗಿತ್ತು, ಬ್ರಾಂಚ್ ಬದ್ಲಿ ಮಾಡಿದ್ದ, ಕ್ಯಾಶ್ ತಗದಿರಲಿಲ್ಲ, ತಗದ ಮ್ಯಾಲ ನಲವತ್ತು ನಿಮಿಷದಾಗ ಪ್ರಾಜೆಕ್ಟ್ ನಿಂತು ಮಾತಾಡ್ತು. ಕಡೀಕ ಲಾಕ್ ಫೈಲಿನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಟೆಸ್ಟ್ ಓಡ್ಸಿ, ಹಂತ 5ರಾಗ ಬರಕೊಂಡ ಲೆಕ್ಕಕ್ಕ ಹೋಲಸ್ರಿ.

ಎಲ್ಲಾ ಚೊಲೋ ಆಗಿ ಸ್ಟೇಬಲ್ ಬಂತು ಅಂದ್ರೂ ಕೆಲಸ ಐತಿ. ಆರ್‌ಸಿ1 ಅಂತ ಕಟ್ಟಿಹಾಕಿದ್ದು ತಾನಾಗೇ ಬಿಚ್ಚೂದಿಲ್ಲ. ರೆಪೋದಾಗ ಆರ್‌ಸಿ, ಬೀಟಾ, ನೆಕ್ಸ್ಟ್, ನೈಟ್ಲಿ, ಪ್ರಿವ್ಯೂ ಅನ್ನೂ ಶಬ್ದ ಹುಡುಕ್ರಿ, ಡಾಕರ್ ಫೈಲು ಸಿಐ ಫೈಲು ಎರಡೂ ಬಿಡಬ್ಯಾಡ್ರಿ, ಸಿಕ್ಕಿದ್ದನ್ನೆಲ್ಲಾ ಸ್ಟೇಬಲ್ ನಂಬರಿಗೆ ತನ್ನಿ. ರಸ್ಟ್ ಇದ್ರ ಸ್ಟೇಬಲ್ ಆದ ಫೀಚರಿನ ಗೇಟ್ ಸಾಲು (ನೈಟ್ಲಿ ಫೀಚರ್ ಚಾಲೂ ಮಾಡಾಕ ಕೋಡಿನ್ಯಾಗ ಬರದ ಸಾಲು) ತಗೀರಿ. ಆಮ್ಯಾಲ ಹಳೇ ಟೂಲ್‌ಚೈನ್ ಡಿಲೀಟ್ ಮಾಡ್ರಿ. ನನ್ ಲ್ಯಾಪ್‌ಟಾಪ್ ಹೋದ ವಾರ ಡಿಸ್ಕ್ ತುಂಬೈತಿ ಅಂತ ಒದರಾಕತ್ತಿತ್ತು, ನೋಡಿದ್ರ ತಾರೀಖು ಹಚ್ಚಿದ ನೈಟ್ಲಿ ಒಂಬತ್ತು ಬಿದ್ದಿದ್ವು, ಎಲ್ಲಾ ಕೂಡಿ ಹದಿಮೂರು ಜಿಬಿ.